ನಿಮಗಿದು ಗೊತ್ತೇ? ಕಡಲಾಟಕ್ಕೆ ಹೊರಡುವ ಮುನ್ನ

ಕರ್ನಾಟಕದ ಕರಾವಳಿ ಸುಮಾರು 320 ಕಿ.ಮೀ. ಉದ್ದವಿದೆ. ಆದರೆ ಎಲ್ಲ ಆಟಕ್ಕೂ ಎಲ್ಲ ತೀರ ಒಗ್ಗದು. ಸರ್ಫಿಂಗ್‌ಗೆ ಅಲೆ ಬೇಕು, ಸ್ಕೂಬಾಗೆ ಅಲೆ ಬೇಡ, ಕಯಾಕಿಂಗ್‌ಗೆ ಗಾಳಿಯೂ ಬೇಡ. ಮೊದಲು ಆಟ ಆರಿಸಿ, ಆಮೇಲೆ ತಿಂಗಳು, ಊರು ಕೊನೆಗೆ.

ದೇಶದಲ್ಲಿ ಸರ್ಫಿಂಗ್ ಬೇರುಬಿಟ್ಟ ಮೊದಲ ಊರುಗಳಲ್ಲಿ ನಮ್ಮ ಮೂಲ್ಕಿಯೂ ಒಂದು. ಪಕ್ಕದ ಸಸಿಹಿತ್ಲುವಿನಲ್ಲಿ ನಂದಿನಿ, ಶಾಂಭವಿ ನದಿಗಳು ಕಡಲು ಸೇರುತ್ತವೆ. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದು ಅಲ್ಲೇ.

ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಬೀಚ್‌ಗಳಿಗೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿತು. ಇದಕ್ಕೆ ನೀರಿನ ಶುಚಿತ್ವ, ಸುರಕ್ಷತೆ ಸೇರಿ 33 ಮಾನದಂಡಗಳಿವೆ. ಅಲೆ ಚೆನ್ನಾಗಿದೆಯೇ ಎಂಬುದು ಅವುಗಳಲ್ಲಿಲ್ಲ!

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನುಗಾರರೇ ಬೋಟುಗಳನ್ನು ದಡ ಸೇರಿಸಿರುವಾಗ ರಿಯಾಯಿತಿಯ ಆಸೆಗೆ ಕಡಲಾಟದ ಪ್ಯಾಕೇಜ್ ಕೊಳ್ಳುವುದು ಜಾಣತನವಲ್ಲ. ಆ ತಿಂಗಳುಗಳಲ್ಲೇ ಸರ್ಫಿಂಗ್ ಬೇಕೆಂದರೆ ಪೂರ್ವಕ್ಕೆ ತಿರುಗಿ. ಚೆನ್ನೈ ಬಳಿಯ ಕೋವಲಂ (ಕೇರಳದ್ದಲ್ಲ, ಅದು ಬೇರೆ), ಮಹಾಬಲಿಪುರಗಳಲ್ಲಿ ಆಗ ಒಳ್ಳೆಯ ಅಲೆಗಳಿರುತ್ತವೆ. ಮಹಾಬಲಿಪುರದಲ್ಲಿ 2023ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೇ ನಡೆದಿತ್ತು.

ಬಿಸಿಲೇರಿ ನೆಲ ಕಾದಂತೆ ಕಡಲಿನಿಂದ ದಡಕ್ಕೆ ಗಾಳಿ ಬೀಸತೊಡಗುತ್ತದೆ. ಹಾಗಾಗಿ ಕಯಾಕ್, ಪ್ಯಾಡಲ್ ಬೋರ್ಡ್‌ಗಳಿಗೆ ಬೆಳಗೇ ಸರಿ. ಎದ್ದದ್ದು ತಡವಾಯಿತೇ? ಹೊನ್ನಾವರದ ಶರಾವತಿ ಹಿನ್ನೀರಿಗೆ, ಕಾಂಡ್ಲಾ ಗಿಡಗಳ ಮರೆಗೆ ಹೋಗಿ.

ಎರಡು ಕಡೆ ಅಲೆ ಒಡೆಯುತ್ತಿದ್ದು ನಡುವೆ ಮಾತ್ರ ನೀರು ಸುಮ್ಮನಿದ್ದರೆ ಅಲ್ಲಿಗೆ ಇಳಿಯಬೇಡಿ. ಅದು ಹೊರಕ್ಕೆಳೆಯುವ ‘ರಿಪ್ ಕರೆಂಟ್’ ಇರಬಹುದು. ಸಿಕ್ಕಿಬಿದ್ದರೆ ದಡದತ್ತ ಸೆಣಸದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬನ್ನಿ.

ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪ ನಮ್ಮ ಸ್ಕೂಬಾ ತಾಣ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ಯಲ್ಲಿ ಕಂಡ ಹವಳ, ಮೀನುಗಳ ಲೋಕ ಇಲ್ಲಿನದೇ. ಅಕ್ಟೋಬರ್‌ನಿಂದ ಮೇ ತನಕ ಸಮಯ. ಈಜು ಬಾರದವರೂ ತರಬೇತುದಾರರ ಜೊತೆ ಇಳಿಯಬಹುದು, 12 ಮೀಟರ್ ಮೀರದಂತೆ. ನೀರಿನಡಿಯಲ್ಲಿ ಎಂದೂ ಉಸಿರು ಬಿಗಿಹಿಡಿಯಬಾರದು. ಮೇಲೆ ಬರುವಾಗ ಶ್ವಾಸಕೋಶದಲ್ಲಿನ ಗಾಳಿ ಹಿಗ್ಗಿ ಅಪಾಯ ತರುತ್ತದೆ.

ಸ್ಕೂಬಾ ಮಾಡಿದ ಕೂಡಲೇ ವಿಮಾನ ಹತ್ತಬಾರದೆಂದು ಹಲವರಿಗೆ ಗೊತ್ತು. ಆದರೆ ಘಟ್ಟ ಹತ್ತುವುದೂ ಅದೇ ಲೆಕ್ಕ! ಒತ್ತಡದಲ್ಲಿ ಉಸಿರಾಡಿದಾಗ ರಕ್ತ, ಅಂಗಾಂಶಗಳಲ್ಲಿ ಸಾರಜನಕ ಕರಗಿರುತ್ತದೆ. ಬೇಗನೆ ಎತ್ತರಕ್ಕೇರಿದರೆ ಅದು ಗುಳ್ಳೆಗಟ್ಟಿ ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೂ ತೊಂದರೆ ಕೊಡಬಲ್ಲದು. ಎಚ್ಚರಿಕೆಯ ನಿಯಮ ಅನ್ವಯಿಸುವುದು 2,000 ಅಡಿಯಿಂದ. ಬೆಂಗಳೂರು ಇರುವುದು ಸುಮಾರು 3,000 ಅಡಿಯಲ್ಲಿ. ಒಂದು ಡೈವ್ ಆಗಿದ್ದರೆ 12 ಗಂಟೆ, ಹೆಚ್ಚಾಗಿದ್ದರೆ 18 ಗಂಟೆ ಕಾಯಬೇಕು. ಅದೇ ರಾತ್ರಿಯ ಬಸ್ಸಿಗೆ ಸೀಟು ಕಾಯ್ದಿರಿಸಿದ್ದರೆ ಈಗಲೇ ಬದಲಿಸಿ. ಸ್ಕೂಬಾ ಮೊದಲ ದಿನಕ್ಕಿರಲಿ, ದೇವಸ್ಥಾನ ಮತ್ತು ಮೀನೂಟ ಕೊನೆಯ ದಿನಕ್ಕೆ.