ಮನೆಯ ದೂರವಾಣಿ: ತಾಮ್ರದ ತಂತಿಯೋ, ಅಂತರ್ಜಾಲವೋ?



ಶ್ರವಣಬೆಳಗೊಳದ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಕಡೆ ವಿಂಧ್ಯಗಿರಿ, ಇನ್ನೊಂದು ಕಡೆ ಚಂದ್ರಗಿರಿ, ನಡುವೆ ಕಲ್ಯಾಣಿ. ಅಲ್ಲಿಂದ ತುಸು ದೂರದಲ್ಲಿ, ತೆಂಗಿನ ತೋಟದ ಅಂಚಿನಲ್ಲಿ ಈ ಮನೆ. ಮನೆಯಲ್ಲಿ ಅಜ್ಜಿ ಒಬ್ಬರೇ. ಮಗ ಸೊಸೆ ಬೆಂಗಳೂರಿನಲ್ಲಿದ್ದಾರೆ, ಮೊಮ್ಮಗಳು ಹಾಸನದ ಕಾಲೇಜಿನಲ್ಲಿ ಓದುತ್ತಿದ್ದಾಳೆ. ನಡುಮನೆಯ ಗೂಡಿನಲ್ಲಿ ಹಳೆಯ ಫೋನು ಕುಳಿತಿದೆ. 08176ರಿಂದ ಆರಂಭವಾಗುವ ಅದರ ಸಂಖ್ಯೆ ನೆಂಟರಿಷ್ಟರಿಗೆಲ್ಲ ಬಾಯಿಪಾಠ.

ಒಂದು ದಿನ ದೂರವಾಣಿ ಸಂಸ್ಥೆಯವರು ಬಂದು ಹೇಳುತ್ತಾರೆ: "ತಾಮ್ರದ ತಂತಿ ತೆಗೆದು ಫೈಬರ್ ಹಾಕಿಕೊಡುತ್ತೇವೆ. ನಂಬರು ಅದೇ ಇರುತ್ತದೆ. ಇಂಟರ್‌ನೆಟ್ಟೂ ಬರುತ್ತದೆ." ಮೊಮ್ಮಗಳಿಗೆ ಸಂತೋಷವೋ ಸಂತೋಷ. ಆದರೆ ಅಜ್ಜಿ ಕೇಳುವುದು ಒಂದೇ ಮಾತು: "ಕರೆಂಟು ಹೋದಾಗ ಇದು ಮಾತಾಡುತ್ತೇನಮ್ಮಾ?"

ಈ ಮನೆ ಕಲ್ಪನೆಯದು, ಪ್ರಶ್ನೆ ಮಾತ್ರ ನಿಜವಾದದ್ದು. ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಬಂದಾಗ ಹಿರಿಯರು ನಿಮ್ಮ ಮುಖ ನೋಡುತ್ತಾರೆ, ಅಲ್ಲವೆ? ಹಾಗಾದರೆ ಉತ್ತರ ಕೊಡುವ ಮೊದಲು ಎರಡೂ ಫೋನುಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ತಿಳಿಯೋಣ.

ತಾಮ್ರದ ತಂತಿಯ ಗುಟ್ಟು

ಹಳೆಯ ಸ್ಥಿರ ದೂರವಾಣಿಗೆ ಮನೆಯ ವಿದ್ಯುತ್ ಬೇಕಿಲ್ಲ. ಅದಕ್ಕೆ ಬೇಕಾದ ಶಕ್ತಿ ಬರುವುದು ವಿನಿಮಯ ಕೇಂದ್ರದಿಂದ, ಅಂದರೆ ಎಕ್ಸ್‌ಚೇಂಜಿನಿಂದ. ಅಲ್ಲಿ ದೊಡ್ಡ ಬ್ಯಾಟರಿಗಳ ಸಾಲು ಇರುತ್ತದೆ. ಆ ಬ್ಯಾಟರಿಗಳಿಂದ ಸುಮಾರು 48 ವೋಲ್ಟ್ ನೇರ ವಿದ್ಯುತ್ ಎರಡು ತೆಳು ತಾಮ್ರದ ತಂತಿಗಳ ಮೂಲಕ ನಿಮ್ಮ ಮನೆಗೆ ಬರುತ್ತದೆ. ನೀವು ರಿಸೀವರ್ ಎತ್ತಿದ ಕೂಡಲೇ ಮಂಡಲ ಪೂರ್ಣಗೊಂಡು ಪ್ರವಾಹ ಹರಿಯುತ್ತದೆ. "ಈ ಮನೆಯವರು ಮಾತಾಡಬೇಕಂತೆ" ಎಂದು ಕೇಂದ್ರಕ್ಕೆ ಗೊತ್ತಾಗುವುದು ಹೀಗೆ. ಗಂಟೆ ಬಾರಿಸಲು ಬೇರೆಯೇ ವಿದ್ಯುತ್ ಬರುತ್ತದೆ. ಅದು ಸುಮಾರು 75 ವೋಲ್ಟಿನ ಪರ್ಯಾಯ ವಿದ್ಯುತ್.

ಊರಿಗೆಲ್ಲ ಕತ್ತಲೆ ಕವಿದರೂ ಕೇಂದ್ರದ ಬ್ಯಾಟರಿ ಇರುವವರೆಗೆ, ತಂತಿ ಸರಿಯಾಗಿರುವವರೆಗೆ ಫೋನು ಜೀವಂತ. ಅಜ್ಜಿಯ ನಂಬಿಕೆಗೆ ವಿಜ್ಞಾನದ ಆಧಾರವಿದೆ, ನೋಡಿ!

ಈ ಕೇಂದ್ರಗಳ ಕಥೆಯಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ. 1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಎಂಬ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿತು. ಧೂಳು, ಸೆಕೆಗೆ ಅಂಜದೆ, ಹವಾನಿಯಂತ್ರಣವಿಲ್ಲದೆ ಹಳ್ಳಿಯಲ್ಲಿ ಕೆಲಸ ಮಾಡುವ ಪುಟ್ಟ ಎಲೆಕ್ಟ್ರಾನಿಕ್ ಕೇಂದ್ರವನ್ನು ಅದು ರೂಪಿಸಿತು. ಅಂಥ ಮೊದಲ ಗ್ರಾಮೀಣ ಸ್ವಯಂಚಾಲಿತ ಕೇಂದ್ರ 1986ರಲ್ಲಿ ಕಾರ್ಯಾರಂಭ ಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಊರುಗಳಿಗೆ ನೇರ ಕರೆಯ ಸೌಲಭ್ಯ ಬರಲು, ಬೀದಿ ಬೀದಿಯಲ್ಲಿ ಎಸ್‌ಟಿಡಿ ಬೂತುಗಳ ಹಳದಿ ಫಲಕ ಕಾಣಲು ಇಂಥ ಕೇಂದ್ರಗಳು ನೆರವಾದವು.

ಬೆಳಗೊಳದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಬಾಹುಬಲಿಗೆ 1993ರಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ಮೊಬೈಲ್ ಸೇವೆ ದೇಶದಲ್ಲಿ ಇನ್ನೂ ಬಂದಿರಲಿಲ್ಲ. ಅದು ಬಂದದ್ದು 1995ರಲ್ಲಿ. 2006ರ ಮಸ್ತಕಾಭಿಷೇಕದ ಹೊತ್ತಿಗೆ ದೇಶದ ಸ್ಥಿರ ದೂರವಾಣಿಗಳ ಸಂಖ್ಯೆ ಸುಮಾರು 5 ಕೋಟಿ ಮುಟ್ಟಿ ತುದಿಗೇರಿತ್ತು. 2018ರ ಹೊತ್ತಿಗೆ ಎಲ್ಲರ ಕೈಯಲ್ಲೂ ಮೊಬೈಲ್. 2020ರಲ್ಲಿ ಸ್ಥಿರ ದೂರವಾಣಿಗಳು ಸುಮಾರು 2 ಕೋಟಿಗೆ ಇಳಿದಿದ್ದವು. ಅನಂತರ ಸಂಖ್ಯೆ ಮತ್ತೆ ಏರತೊಡಗಿತು. ಕಾರಣ, ಫೈಬರ್ ಅಂತರ್ಜಾಲದ ಜೊತೆಗೆ ಬಂದ ಹೊಸ ಬಗೆಯ ಮನೆ ಫೋನು.

ಅಂತರ್ಜಾಲದಲ್ಲಿ ಮಾತು ಹೋಗುವ ಬಗೆ

ತಾಮ್ರದ ತಂತಿಯಲ್ಲಿ ಮಾತು ವಿದ್ಯುತ್ ಅಲೆಯಾಗಿ ಮನೆಯಿಂದ ಕೇಂದ್ರಕ್ಕೆ ಹರಿಯುತ್ತದೆ. ಅಂತರ್ಜಾಲದ ಫೋನಿನಲ್ಲಿ ಮಾತು ಮನೆಯಲ್ಲೇ ಅಂಕಿಗಳಾಗಿ ಬದಲಾಗುತ್ತದೆ. ಒಂದು ಸಾಮಾನ್ಯ ವಿಧಾನದಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತಾರೆ. ಪ್ರತಿ ಅಳತೆಗೂ 8 ಬಿಟ್. ಗುಣಿಸಿ ನೋಡಿ: ಸೆಕೆಂಡಿಗೆ 64,000 ಬಿಟ್.

ಈ ಅಂಕಿಗಳನ್ನು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಮಾತಿನ ತುಣುಕುಗಳಾಗಿ ಕತ್ತರಿಸಿ, ಒಂದೊಂದನ್ನೂ ಒಂದು ಪೊಟ್ಟಣದಲ್ಲಿ ಇಟ್ಟು, ಮೇಲೆ ವಿಳಾಸ ಮತ್ತು ಕ್ರಮಸಂಖ್ಯೆ ಬರೆದು ಕಳುಹಿಸಲಾಗುತ್ತದೆ. ದೀರ್ಘ ಪತ್ರವೊಂದನ್ನು ಐವತ್ತು ಅಂಚೆ ಕಾರ್ಡುಗಳಲ್ಲಿ ಬರೆದು, ಪ್ರತಿಯೊಂದಕ್ಕೂ ಸಂಖ್ಯೆ ಹಾಕಿ ಡಬ್ಬಿಗೆ ಹಾಕಿದ ಹಾಗೆ. ಆ ಕಡೆಯವರು ಸಂಖ್ಯೆ ನೋಡಿ ಜೋಡಿಸಿಕೊಳ್ಳುತ್ತಾರೆ. ಒಂದೆರಡು ಕಾರ್ಡು ಕಳೆದರೆ ಮಾತು ತುಂಡಾಗುತ್ತದೆ. ತಡವಾಗಿ ಬಂದರೆ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಾರೆ.

ಎಷ್ಟು ತಡವಾದರೆ ತೊಂದರೆ? ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾತು ತಲುಪಲು 150 ಮಿಲಿಸೆಕೆಂಡಿನೊಳಗಿನ ಸಮಯವಾದರೆ ಬಹುಪಾಲು ಜನರಿಗೆ ತೊಂದರೆ ಅನಿಸದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆಗೋಲು. ಇದನ್ನು ಅರಿಯಲು ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ನಿದರ್ಶನವಿದೆ. ಹಾಸನದಲ್ಲಿ ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವಿದೆ. ಅದು ನಿಯಂತ್ರಿಸುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಮಾತು ಮೇಲೆ ಹೋಗಿ ಕೆಳಗೆ ಬರಲು 72,000 ಕಿ.ಮೀ. ಸಾಗಬೇಕು. ಬೆಳಕಿನ ವೇಗದಲ್ಲೂ ಇದಕ್ಕೆ ಸುಮಾರು 240 ಮಿಲಿಸೆಕೆಂಡು ಬೇಕು. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೆಳಗೊಳದಿಂದ ಬೆಂಗಳೂರಿಗೆ ಸುಮಾರು 150 ಕಿ.ಮೀ. ಎಂದಿಟ್ಟುಕೊಂಡರೆ ಒಂದು ಮಿಲಿಸೆಕೆಂಡೂ ಹಿಡಿಯದು. ಅಂದರೆ ಫೈಬರ್ ಫೋನಿನಲ್ಲಿ ಮಾತು ತಡವಾದರೆ ದೂರವನ್ನು ದೂರುವ ಹಾಗಿಲ್ಲ. ದಾರಿಯ ನಡುವಿನ ದಟ್ಟಣೆಯನ್ನೋ, ಮನೆಯೊಳಗಿನ ದುರ್ಬಲ ವೈ-ಫೈಯನ್ನೋ ಹುಡುಕಬೇಕು.

ಮೂರು ಬಗೆಯ ಅಂತರ್ಜಾಲ ಫೋನು

"ಇಂಟರ್‌ನೆಟ್ ಫೋನು" ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸೇವೆಗಳಿವೆ. ಗೊಂದಲ ಹುಟ್ಟುವುದೇ ಇಲ್ಲಿ.

ಮೊದಲನೆಯದು, ಫೈಬರ್ ಕೊಟ್ಟ ಸಂಸ್ಥೆಯೇ ಕೊಡುವ ಮನೆ ಫೋನು. ಮೋಡೆಮ್ ಪೆಟ್ಟಿಗೆಯ ಹಿಂದಿರುವ ಫೋನಿನ ಕಿಂಡಿಗೆ ಮಾಮೂಲಿ ಫೋನನ್ನೇ ಸಿಕ್ಕಿಸಬಹುದು. ಊರಿನ ಕೋಡ್ ಇರುವ ಸಂಖ್ಯೆ ಇರುತ್ತದೆ.

ಎರಡನೆಯದು, ಆ್ಯಪ್ ಮೂಲಕ ಬರುವ, ಆದರೆ ಸಂಖ್ಯೆ ಇರುವ ಸೇವೆ. ಭಾರತದಲ್ಲಿ 2002ರಲ್ಲೇ ಅಂತರ್ಜಾಲ ದೂರವಾಣಿಗೆ ಸೀಮಿತ ಅನುಮತಿ ಸಿಕ್ಕಿತ್ತು. ಪರವಾನಗಿ ಪಡೆದ ಸಂಸ್ಥೆಗಳು ಸಂಖ್ಯೆ ಸಮೇತ ಇಂಥ ಸೇವೆ ಕೊಡಲು ದಾರಿ ತೆರೆದದ್ದು 2018ರಲ್ಲಿ.

ಮೂರನೆಯದು, ಆ್ಯಪ್‌ನಿಂದ ಆ್ಯಪ್‌ಗೆ ಮಾತ್ರ ಹೋಗುವ ಉಚಿತ ಕರೆ. ವಿದೇಶದಲ್ಲಿರುವ ಮಗನ ಮುಖ ನೋಡುತ್ತ ಮಾತಾಡಲು ಇದು ಚೆನ್ನ. ಆದರೆ ಇದನ್ನು ಮನೆಯ ಏಕೈಕ ಫೋನು ಎಂದುಕೊಳ್ಳಬೇಡಿ. 112ಕ್ಕೋ 108ಕ್ಕೋ ಕರೆ ಮಾಡಬೇಕಾದಾಗ ಸಂಖ್ಯೆ ಇರುವ ಫೋನೇ ಬೇಕು. ಅಲ್ಲದೆ ಗೊತ್ತಾದ ವಿಳಾಸಕ್ಕೆ ಅಂಟಿಕೊಂಡ ಫೋನಿಗೂ ಎಲ್ಲೆಂದರಲ್ಲಿ ತೆರೆಯುವ ಆ್ಯಪ್‌ಗೂ ವ್ಯತ್ಯಾಸವಿದೆ. ಯಾವ ಫೋನಿನಿಂದ ಕರೆದರೂ ಊರು, ಬೀದಿ, ಗುರುತು ಹೇಳುವುದನ್ನು ಅಜ್ಜಿಗೂ ತಮ್ಮ ತಂಗಿಯರಿಗೂ ಕಲಿಸಿಡಿ.

ಕರೆಂಟು ಹೋದಾಗ?

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಫೈಬರ್ ಎಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ ಹರಿಯುವುದಿಲ್ಲ. ಆದ್ದರಿಂದ ಕೇಂದ್ರದ ಬ್ಯಾಟರಿ ಎಷ್ಟೇ ದೊಡ್ಡದಿದ್ದರೂ ನಿಮ್ಮ ಮನೆಯ ಮೋಡೆಮ್‌ಗೆ ಶಕ್ತಿ ಕೊಡಲಾರದು. ಮನೆಯ ಕರೆಂಟು ಹೋದರೆ ಮೋಡೆಮ್ ಆರಿತು. ಮೋಡೆಮ್ ಆರಿದರೆ ಫೋನು ಮೂಕ. ಮಳೆಗಾಲದ ರಾತ್ರಿ, ತೆಂಗಿನ ಗರಿ ವಿದ್ಯುತ್ ತಂತಿಯ ಮೇಲೆ ಬಿದ್ದು ಊರು ಕತ್ತಲಾದಾಗ, ಅಜ್ಜಿಗೆ ಎದೆನೋವು ಬಂದರೆ? ಪ್ರಶ್ನೆಯ ತೂಕ ಇರುವುದು ಇಲ್ಲಿ.

ಇದು ಒಂದು ಊರಿನ ಚಿಂತೆಯಲ್ಲ. ಬ್ರಿಟನ್ನಿನಲ್ಲಿ ತಾಮ್ರದ ಹಳೆಯ ದೂರವಾಣಿ ಜಾಲವನ್ನು ಮುಚ್ಚುವ ಕೆಲಸ ನಡೆಯುತ್ತಿದ್ದಾಗ, ಒಂಟಿ ವೃದ್ಧರು ಅಪಾಯದಲ್ಲಿ ಒತ್ತುವ ತುರ್ತು ಗುಂಡಿಯ ಸಾಧನಗಳು ಬದಲಾವಣೆಯ ನಂತರ ಕೆಲಸ ಮಾಡದ ಗಂಭೀರ ಪ್ರಸಂಗಗಳು ವರದಿಯಾದವು. ಹೀಗಾಗಿ 2023ರ ಡಿಸೆಂಬರಿನಲ್ಲಿ ಗ್ರಾಹಕರ ಒಪ್ಪಿಗೆಯಿಲ್ಲದ ಬದಲಾವಣೆಯನ್ನು ತಡೆಹಿಡಿಯಲಾಯಿತು. ಸ್ಥಿರ ದೂರವಾಣಿಯನ್ನೇ ನಂಬಿದವರಿಗೆ, ಕರೆಂಟು ಹೋದಾಗ ಕನಿಷ್ಠ ಒಂದು ಗಂಟೆ ತುರ್ತು ಕರೆ ಮಾಡುವ ಏರ್ಪಾಡು ಇರಬೇಕೆಂದು ಅಲ್ಲಿನ ನಿಯಂತ್ರಣ ಸಂಸ್ಥೆ ಹೇಳಿದೆ.

ನಮ್ಮ ಹಳ್ಳಿಗೆ ಒಂದು ಗಂಟೆ ಸಾಕೆ? ಲೆಕ್ಕ ಹಾಕೋಣ. ಮೋಡೆಮ್ ಸುಮಾರು 10 ವ್ಯಾಟ್ ಬಳಸುತ್ತದೆ ಎಂದುಕೊಳ್ಳಿ. 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 84 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಭಾಗಿಸಿದರೆ ಎಂಟು ಗಂಟೆ ದಾಟುತ್ತದೆ. ಆದರೆ ಬ್ಯಾಟರಿಯನ್ನು ಪೂರ್ತಿ ಹೀರಲಾಗದು, ಸ್ವಲ್ಪ ಶಕ್ತಿ ನಷ್ಟವೂ ಆಗುತ್ತದೆ. ಐದಾರು ಗಂಟೆ ಎಂದು ಎಣಿಸುವುದು ಕ್ಷೇಮ. ಬ್ಯಾಟರಿ ಹಳೆಯದಾದಂತೆ ಇದೂ ಇಳಿಯುತ್ತದೆ. ಮೋಡೆಮ್‌ಗೆಂದೇ ಸಿಗುವ ಚಿಕ್ಕ ಯುಪಿಎಸ್‌ಗಳಲ್ಲಿ ಬ್ಯಾಟರಿ ಇನ್ನೂ ಸಣ್ಣದು. ಕೊಳ್ಳುವ ಮುನ್ನ ಡಬ್ಬಿಯ ಮೇಲಿನ ವ್ಯಾಟ್-ಗಂಟೆ ಓದಿ, ನೀವೇ ಭಾಗಿಸಿ ನೋಡಿ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದರೆ ಸಾಲದು. ಫೈಬರಿನ ಇನ್ನೊಂದು ತುದಿಯ ಉಪಕರಣಕ್ಕೂ ಬ್ಯಾಟರಿ ಇರಬೇಕು. ಅದು ಇದೆಯೇ, ಎಷ್ಟು ಹೊತ್ತು ಬರುತ್ತದೆ ಎಂದು ಸಂಸ್ಥೆಯವರನ್ನು ಸಂಕೋಚವಿಲ್ಲದೆ ಕೇಳಿ. ಹಾಗೆಯೇ ತಾಮ್ರದವರೂ ಮೈಮರೆಯುವಂತಿಲ್ಲ. ಮನೆಯಲ್ಲಿರುವುದು ಕಾರ್ಡ್‌ಲೆಸ್ ಫೋನಾದರೆ ಅದರ ಪೀಠಕ್ಕೆ ಕರೆಂಟು ಬೇಕೇ ಬೇಕು. ಕತ್ತಲಲ್ಲಿ ನೆರವಾಗುವುದು ಸುರುಳಿ ತಂತಿಯ ಸಾದಾ ಫೋನು.

ಎರಡು ಕಡೆಯ ಗುಣದೋಷ

ತಾಮ್ರದ ತಂತಿಗೆ ಅದರದೇ ಕಷ್ಟಗಳಿವೆ. ಜಾಯಿಂಟುಗಳಿಗೆ ನೀರು ಸೇರಿದರೆ ಕರಕರ ಸದ್ದು. ತುಕ್ಕು, ತಂತಿ ಕಳ್ಳತನ ಬೇರೆ. ಸಿಡಿಲಿನ ಆಘಾತ ತಂತಿಯ ಮೂಲಕ ಮನೆಯೊಳಕ್ಕೆ ಬರಬಹುದು. ಅದಕ್ಕೇ ಗುಡುಗು ಸಿಡಿಲಿನ ಹೊತ್ತಿನಲ್ಲಿ ತಂತಿ ಫೋನು ಮುಟ್ಟಬಾರದು ಎನ್ನುವುದು. ಅನೇಕ ಕಡೆ ತಾಮ್ರದ ಜಾಲವನ್ನು ಕೈಬಿಟ್ಟು ಫೈಬರ್ ಹಾಕಲಾಗಿದೆ. ಆದ್ದರಿಂದ "ಹಳೆಯದೇ ಇರಲಿ" ಎಂದು ನೀವು ಹಟ ಹಿಡಿದರೂ, ಮುಂದೆ ಅದನ್ನು ರಿಪೇರಿ ಮಾಡುವವರು ಸಿಗಬೇಕಲ್ಲ?

ಗಾಜಿನ ಫೈಬರಿಗೆ ತುಕ್ಕು ಹಿಡಿಯದು, ಮಾತು ಸ್ಪಷ್ಟ. ಒಂದು ಗಂಟೆ ಮಾತಾಡಿದರೆ, ಪೊಟ್ಟಣಗಳ ಮೇಲಿನ ವಿಳಾಸವೂ ಸೇರಿ, ಹೋಗಿ ಬರುವ ಎರಡೂ ದಿಕ್ಕಿಗೆ ಸುಮಾರು 72 ಎಂಬಿ ಸಾಕು. ಒಂದು ಸಿನಿಮಾ ನೋಡುವುದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಆದರೆ ಗರಿ ಬಿದ್ದು ಫೈಬರ್ ತುಂಡಾದರೆ ಇಕ್ಕಳದಿಂದ ಹೊಸೆದು ಜೋಡಿಸಲಾಗದು. ಎಳೆಗಳನ್ನು ಬೆಸೆಯುವ ಯಂತ್ರವೂ ಅದನ್ನು ಬಲ್ಲವರೂ ಬರಬೇಕು.

ಖರ್ಚಿನ ವಿಷಯ. ಜಾಹೀರಾತಿನ ದರವನ್ನಷ್ಟೇ ನೋಡಬೇಡಿ. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರುತ್ತದೆ: 400 ರೂಪಾಯಿ ಎಂದರೆ ಕೈಯಿಂದ ಹೋಗುವುದು 472. ಮೋಡೆಮ್ ಬೆಲೆ, ಜೋಡಣೆಯ ಶುಲ್ಕ, ಯುಪಿಎಸ್, ಎರಡು ಮೂರು ವರ್ಷಕ್ಕೊಮ್ಮೆ ಹೊಸ ಬ್ಯಾಟರಿ, ಇವನ್ನೆಲ್ಲ ಕೂಡಿಸಿ ವರ್ಷದ ಲೆಕ್ಕ ಮಾಡಿ. ಮನೆಯಲ್ಲಿ ಯಾರೂ ಅಂತರ್ಜಾಲ ಬಳಸದಿದ್ದರೆ ಬರೀ ಮಾತಿಗೆ ಇಷ್ಟು ಹಣ ಬೇಕೇ ಎಂಬುದನ್ನೂ ಯೋಚಿಸಿ.

ಹಾಗಾದರೆ ಅಜ್ಜಿಗೆ ಏನು ಹೇಳೋಣ?

"ಮಾತಾಡುತ್ತೆ ಅಜ್ಜಿ, ಆದರೆ ಬ್ಯಾಟರಿ ಇಟ್ಟರೆ ಮಾತ್ರ." ಇದು ಪ್ರಾಮಾಣಿಕ ಉತ್ತರ.

ತಂತಿ ಚೆನ್ನಾಗಿದ್ದು, ಕೆಟ್ಟಾಗ ಲೈನ್‌ಮನ್ ಬಂದು ಸರಿಮಾಡುವ ಊರಿನಲ್ಲಿ, ಅಂತರ್ಜಾಲ ಬೇಡದ ಮನೆಯವರು ಆತುರಪಡಬೇಕಿಲ್ಲ. ತಂತಿ ಪದೇ ಪದೇ ಕೆಡುತ್ತಿದ್ದರೆ, ಮನೆಯಲ್ಲಿ ಓದುವವರಿದ್ದರೆ, ಫೈಬರ್ ಮೇಲು. ಆದರೆ ನಾಲ್ಕು ಷರತ್ತು: ಹಳೆಯ ಸಂಖ್ಯೆ ಉಳಿಯುತ್ತದೆಂದು ಬರವಣಿಗೆಯಲ್ಲಿ ಪಡೆಯಿರಿ, ಮೋಡೆಮ್‌ಗೆ ಯುಪಿಎಸ್ ಇಡಿ, ಕಿಂಡಿಗೆ ಸುರುಳಿ ತಂತಿಯ ಸಾದಾ ಫೋನು ಸಿಕ್ಕಿಸಿ, ಜೊತೆಗೆ ಗುಂಡಿ ಒತ್ತುವ ಒಂದು ಸಾದಾ ಮೊಬೈಲನ್ನು ಚಾರ್ಜ್ ಮಾಡಿಡಿ. ಡಯಲ್ ತಿರುಗಿಸುವ ಬಹಳ ಹಳೆಯ ಫೋನು ಕೆಲವು ಮೋಡೆಮ್‌ಗಳಲ್ಲಿ ಕೆಲಸ ಮಾಡುವುದಿಲ್ಲ ಎಂಬುದೂ ನೆನಪಿರಲಿ.

ನೀವೇ ಮಾಡಿ ನೋಡಿ

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ, ಹಿರಿಯರಿಗೆ ಹೇಳಿ, ಹಗಲು ಹೊತ್ತಿನಲ್ಲಿ ಮನೆಯ ಮೇನ್ ಸ್ವಿಚ್ ಆರಿಸಿ. ಫೋನು ಎತ್ತಿ ಡಯಲ್ ಟೋನ್ ಇದೆಯೇ ಕೇಳಿ. ಗೆಳೆಯರಿಗೆ ಒಂದು ಕರೆ ಮಾಡಿ, ಅವರಿಂದಲೂ ಮಾಡಿಸಿ. ಬ್ಯಾಟರಿ ಎಷ್ಟು ಹೊತ್ತು ಬಂತೆಂದು ಗಡಿಯಾರ ನೋಡಿ ಬರೆದಿಡಿ. ಆರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷಿಸಿ, ಎರಡು ಅಂಕಿಗಳನ್ನು ಹೋಲಿಸಿ. ಊರಿನ ಕರೆಂಟೇ ಹೋದ ದಿನ ಅಜ್ಜಿಗೆ ಫೋನು ಮಾಡಿ ಮಾತಾಡಿ; ಫೈಬರಿನ ಆ ತುದಿಯ ಬ್ಯಾಟರಿಯ ಪರೀಕ್ಷೆಯೂ ಆಗುತ್ತದೆ, ಅಜ್ಜಿಗೆ ಧೈರ್ಯವೂ ಬರುತ್ತದೆ.