ಬಣ್ಣಕ್ಕೆ ಮರುಳಾಗದಿರೋಣ: ಸೇಬಿನ ತಳಿ, ಹದ ಮತ್ತು ರುಚಿ

ಮಾವಿನ ಕಾಲ ಬಂದಾಗ ನಾವು ಪೇಟೆಗೆ ಹೋಗಿ ಬರಿದೆ ‘ಮಾವಿನಹಣ್ಣು ಕೊಡಿ’ ಎಂದು ಕೇಳುವುದಿಲ್ಲ. ಆಪೂಸು ಬಂದಿದೆಯೇ, ರಸಪುರಿ ಹೇಗಿದೆ, ಮಲಗೋವಕ್ಕೆ ಇನ್ನೆಷ್ಟು ದಿನ ಎಂದು ಹೆಸರು ಹಿಡಿದು ವಿಚಾರಿಸುತ್ತೇವೆ. ಏಲಕ್ಕಿಬಾಳೆ ಬೇರೆ, ಪಚ್ಚಬಾಳೆ ಬೇರೆ, ನಂಜನಗೂಡಿನ ರಸಬಾಳೆಯ ಘನತೆಯೇ ಬೇರೆ ಎಂಬುದು ನಮ್ಮ ಮನೆಯ ಮಕ್ಕಳಿಗೂ ತಿಳಿದಿದೆ. ಆದರೆ ಸೇಬಿನ ರಾಶಿಯ ಮುಂದೆ ನಿಂತಾಗ ಈ ವಿವೇಕವೆಲ್ಲ ಎಲ್ಲಿಯೋ ಅಡಗಿಬಿಡುತ್ತದೆ. ‘ಕೆಂಪಗಿರುವುದನ್ನು ನೋಡಿ ಹಾಕಪ್ಪಾ’ ಎನ್ನುತ್ತೇವೆ. ಹೆಚ್ಚೆಂದರೆ ಕಾಶ್ಮೀರದ್ದೋ ಸಿಮ್ಲಾದ್ದೋ ಎಂದು ಕೇಳಿ ಸುಮ್ಮನಾಗುತ್ತೇವೆ.

ಕಳೆದ ಚೈತ್ರದಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ನಮ್ಮ ಅಕ್ಕನನ್ನು ಕಾಣಲು ಹೋಗುವಾಗ ನಾನೂ ಹೀಗೆಯೇ ಮಾಡಿದೆ. ಮಾಣಿಕ್ಯದಂತೆ ಹೊಳೆಯುತ್ತಿದ್ದ ಆರು ಹಣ್ಣುಗಳನ್ನು ಆರಿಸಿ ಕೊಂಡೊಯ್ದೆ. ಅಕ್ಕ ಒಂದು ಹೋಳನ್ನು ಬಾಯಿಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೋಡಲು ಚಂದ ಕಣೋ ತಮ್ಮಾ, ತಿಂದರೆ ಒಣ ಹಿಟ್ಟು ಬಾಯಿಗೆ ಹಾಕಿಕೊಂಡ ಹಾಗಿದೆ’ ಎಂದಳು. ಆ ಮಾತು ನನ್ನನ್ನು ನಾಚಿಸಿತು. ಆ ಮಾತೇ ಈ ಲೇಖನಕ್ಕೆ ಕಾರಣವೂ ಆಯಿತು.

ಒಂದು ಹೆಸರು, ಒಂದು ಮರ

ಸೇಬಿನ ಮೂಲ ನೆಲೆ ಮಧ್ಯ ಏಷ್ಯಾದ ತಿಯೆನ್ ಶಾನ್ ಪರ್ವತಶ್ರೇಣಿ. ಕಜಕಸ್ತಾನದ ಆ ಬೆಟ್ಟಗಳಲ್ಲಿ ಇಂದಿಗೂ ಕಾಡುಸೇಬಿನ ವನಗಳಿವೆ. ಈ ವೃಕ್ಷದ ಸ್ವಭಾವ ವಿಚಿತ್ರವಾದುದು. ಸಿಹಿಯಾದ ಹಣ್ಣಿನ ಬೀಜವನ್ನು ಬಿತ್ತಿದರೆ ತಾಯಿಮರದ ಹಣ್ಣೇ ದೊರೆಯುವುದಿಲ್ಲ. ಹುಳಿಯೋ, ಒಗರೋ, ಏನು ಬಂದೀತೆಂದು ಹೇಳಲಾಗದು. ಆದುದರಿಂದ ಒಳ್ಳೆಯ ಮರದ ಕಡ್ಡಿಯನ್ನು ತಂದು ಕಸಿ ಮಾಡುವುದೊಂದೇ ಮಾರ್ಗ. ಹೀಗಾಗಿ ಒಂದು ತಳಿಯ ಲಕ್ಷಾಂತರ ಮರಗಳೆಲ್ಲವೂ ವಾಸ್ತವವಾಗಿ ಯಾವುದೋ ಕಾಲದ ಒಂದೇ ಮರದ ಮುಂದುವರಿಕೆ. ತಳಿಯ ಹೆಸರು ಬರಿಯ ಅಲಂಕಾರವಲ್ಲ. ರುಚಿಯ ವಿಳಾಸವೇ ಅದು.

ಭಾದ್ರಪದದಲ್ಲಿ ಹೊಸ ಹಣ್ಣು ಪೇಟೆಗೆ ಬಂದಾಗ ನಾನು ಐದು ಬಗೆಯ ಸೇಬನ್ನು ಎರಡೆರಡರಂತೆ ತಂದೆ. ತಂಪುಪೆಟ್ಟಿಗೆಯಲ್ಲಿಟ್ಟ ಹಣ್ಣಿನಲ್ಲಿ ಪರಿಮಳ ಮಂಕಾಗುವುದರಿಂದ ಅವನ್ನು ಹೊರಗೇ ಇಟ್ಟೆವು. ಸೊಸೆ ಸಿಪ್ಪೆ ತೆಗೆಯದೆ ಹೋಳು ಮಾಡಿಕೊಟ್ಟಳು. ಸೇಬಿನ ಸುವಾಸನೆಯ ಬಹುಭಾಗ ಸಿಪ್ಪೆಯಲ್ಲಿ ಮತ್ತು ಅದಕ್ಕೆ ಹೊಂದಿದ ತಿರುಳಿನಲ್ಲಿರುತ್ತದೆ. ಪರೀಕ್ಷಕರು ಮೂವರು: ಹಲ್ಲು ದುರ್ಬಲವಾದ ನನ್ನ ಪತ್ನಿ, ಹಲ್ಲು ಗಟ್ಟಿಯಾದ ಮೊಮ್ಮಗ, ಇವರಿಬ್ಬರ ನಡುವೆ ನಾನು.

ಐದು ಹಣ್ಣು, ಐದು ಸ್ವಭಾವ

ಮೊದಲನೆಯದು ಹಿಮಾಚಲದಲ್ಲಿ ‘ರಾಯಲ್’ ಎಂದು ಪ್ರಸಿದ್ಧವಾದ, ಡಿಲಿಷಸ್ ಕುಲದ ಕೆಂಪು ಸೇಬು. ತುದಿಯಲ್ಲಿ ಐದು ಗುಬ್ಬಿಗಳಿರುವ ನೀಳ ಆಕಾರ, ದಪ್ಪ ಸಿಪ್ಪೆ. ಆಗತಾನೇ ಬಂದ ಹಣ್ಣಾದುದರಿಂದ ಕಚ್ಚಿದಾಗ ಒಳ್ಳೆಯ ಸದ್ದು ಬಂದಿತು, ರಸವೂ ಇದ್ದಿತು. ಹುಳಿ ಬಹು ಕಡಿಮೆ, ಸೌಮ್ಯವಾದ ಸಿಹಿ.

ಎರಡನೆಯದು ಗೋಲ್ಡನ್ ಡಿಲಿಷಸ್. ಹೆಸರು ಒಂದೇ ಬಗೆಯದಾದರೂ ಇದು ಕೆಂಪು ಸೇಬಿನ ಸಂಬಂಧಿಯಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾದ ಒಂದು ಹೊಲದಲ್ಲಿ ತಾನಾಗಿ ಹುಟ್ಟಿದ ಬೇರೆಯೇ ಮರ. ಹಿಮಾಚಲದ ತೋಟಗಳಲ್ಲಿ ಇದನ್ನು ಬಹುಮಟ್ಟಿಗೆ ಕೆಂಪು ಸೇಬಿಗೆ ಪರಾಗ ಒದಗಿಸಲೆಂದೇ ನೆಡುವರು. ಸೇವಕನಂತೆ ನಿಂತ ಈ ಮರದ ಹಣ್ಣು ರುಚಿಯಲ್ಲಿ ಯಜಮಾನನನ್ನು ಮೀರಿಸುತ್ತದೆಂಬುದು ನನ್ನ ಅಭಿಪ್ರಾಯ. ತೆಳು ಸಿಪ್ಪೆ, ನುಣುಪಾದ ತಿರುಳು, ಜೇನಿನ ಛಾಯೆಯುಳ್ಳ ಸಿಹಿಯೊಡನೆ ಹದವಾದ ಹುಳಿ. ಆದರೆ ಬೇಗ ಸುಕ್ಕುಗಟ್ಟುತ್ತದೆ. ಸಣ್ಣ ಪೆಟ್ಟಿಗೂ ಕಂದುತ್ತದೆ. ನನ್ನ ಪತ್ನಿ ಇದನ್ನೇ ಮೆಚ್ಚಿದಳು.

ಮೂರನೆಯದು ಗಾಲಾ. ನ್ಯೂಜಿಲೆಂಡಿನಲ್ಲಿ ಗೋಲ್ಡನ್ ಡಿಲಿಷಸ್ಸನ್ನು ಒಂದು ಕಡೆಯ ಹಿರಿಯನನ್ನಾಗಿಸಿ ಸೃಷ್ಟಿಸಿದ ತಳಿ. ಗಾತ್ರ ಕಿರಿದು, ಸುವಾಸನೆ ಹಿರಿದು. ಸಿಪ್ಪೆ ಬಾಯಿಗೆ ಅಡ್ಡ ಬರುವುದಿಲ್ಲ. ಮಕ್ಕಳ ಕೈಗೆ ಇಡಿಯಾಗಿ ಕೊಡಲು ಯೋಗ್ಯವಾದುದು.

ನಾಲ್ಕನೆಯದು ಫ್ಯೂಜಿ. ಜಪಾನಿನ ಸಂಶೋಧಕರು ಕೆಂಪು ಡಿಲಿಷಸ್ ಮತ್ತು ರಾಲ್ಸ್ ಜೆನೆಟ್ ಎಂಬ ಹಳೆಯ ಅಮೆರಿಕನ್ ತಳಿಗಳನ್ನು ಕೂಡಿಸಿ ಬೆಳೆಸಿ, 1962ರಲ್ಲಿ ಹೆಸರಿಟ್ಟ ಹಣ್ಣು. ಕೈಯಲ್ಲಿ ಹಿಡಿದಾಗಲೇ ತೂಕ ತಿಳಿಯುತ್ತದೆ. ತಿರುಳು ಒತ್ತಾಗಿದ್ದು ಕಬ್ಬಿನ ತುಂಡನ್ನು ಕಚ್ಚಿದಂತೆ ಮುರಿದು ರಸ ಚಿಮ್ಮುತ್ತದೆ. ಐದರಲ್ಲಿ ಅತ್ಯಂತ ಸಿಹಿ ಇದೇ. ಮೊಮ್ಮಗನ ತೀರ್ಪು ಇದರ ಪರವಾಯಿತು.

ಐದನೆಯದು ಹಸಿರು ಸೇಬು, ಗ್ರಾನಿ ಸ್ಮಿತ್. ಆಸ್ಟ್ರೇಲಿಯಾದ ಸಿಡ್ನಿಯ ಬಳಿ ಮರಿಯಾ ಆನ್ ಸ್ಮಿತ್ ಎಂಬ ವೃದ್ಧೆಯ ತೋಟದಲ್ಲಿ 1868ರ ಸುಮಾರಿಗೆ ಕಂಡುಬಂದುದು. ಇದನ್ನು ಕಾಯಿ ಎಂದು ಭ್ರಮಿಸಬಾರದು. ಹಣ್ಣಾದ ಮೇಲೂ ಇದರ ಬಣ್ಣ ಹಸಿರೇ. ಗಟ್ಟಿ ತಿರುಳು, ಚುರುಕಾದ ಹುಳಿ. ಉಪ್ಪು ಖಾರ ಬೆರೆಸಿದರೆ ತೋತಾಪುರಿ ಮಾವಿನಕಾಯಿಯನ್ನು ನೆನಪಿಸುತ್ತದೆ. ಗೊಜ್ಜು, ದಿಢೀರ್ ಉಪ್ಪಿನಕಾಯಿಗಳಿಗೆ ಇದಕ್ಕಿಂತ ಒಳ್ಳೆಯ ಸೇಬನ್ನು ನಾನು ಕಂಡಿಲ್ಲ.

ಗರಿಗರಿ ಏಕೆ, ಹಿಟ್ಟುಹಿಟ್ಟು ಏಕೆ?

ಸೇಬಿನ ಗಾತ್ರದ ಸುಮಾರು ನಾಲ್ಕನೆಯ ಒಂದು ಭಾಗ ಗಾಳಿ. ಆದುದರಿಂದಲೇ ಅದು ನೀರಿನಲ್ಲಿ ತೇಲುತ್ತದೆ. ಉಳಿದ ತಿರುಳು ರಸ ತುಂಬಿದ ಸೂಕ್ಷ್ಮ ಕೋಶಗಳ ಸಮೂಹ. ಈ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವುದು ಪೆಕ್ಟಿನ್ ಎಂಬ ದ್ರವ್ಯ. ತಾಜಾ ಹಣ್ಣಿನಲ್ಲಿ ಆ ಅಂಟು ಭದ್ರವಾಗಿರುವುದರಿಂದ ನಾವು ಕಚ್ಚಿದಾಗ ಕೋಶಗಳೇ ಒಡೆದು ರಸ ಹೊರಚೆಲ್ಲುತ್ತದೆ. ಹಣ್ಣು ಹಳತಾದಂತೆ ಅಂಟು ಕರಗುತ್ತದೆ. ಆಗ ಕಚ್ಚಿದರೆ ಕೋಶಗಳು ಒಡೆಯದೆ ಒಂದರಿಂದೊಂದು ಜಾರಿ ಬೇರೆಯಾಗುತ್ತವೆ. ರಸ ಒಳಗೇ ಉಳಿದು ನಾಲಿಗೆಗೆ ಪುಡಿ ಮಾತ್ರ ತಾಗುತ್ತದೆ. ಅಕ್ಕ ಹೇಳಿದ ‘ಒಣ ಹಿಟ್ಟು’ ಇದೇ. ಹಣ್ಣಿನಲ್ಲಿ ನೀರಿಲ್ಲವೆಂದಲ್ಲ, ನೀರು ನಮಗೆ ದಕ್ಕಲಿಲ್ಲವೆಂದು ಅರ್ಥ.

ಹಿಮಾಚಲದ ಕೊಯ್ಲು ಜುಲೈಯಿಂದ ಅಕ್ಟೋಬರ್‌ವರೆಗೆ. ಕಾಶ್ಮೀರದ ಮುಖ್ಯ ಕೊಯ್ಲು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. ನಾನು ಚೈತ್ರದಲ್ಲಿ ಕೊಂಡ ಕೆಂಪು ಹಣ್ಣು ಅರ್ಧ ವರ್ಷ ಶೀತಲಗೃಹದಲ್ಲಿ ಕಳೆದು ಬಂದುದೇ ಇರಬೇಕು. ಸಿಪ್ಪೆಯ ಕೆಂಪು ಮಾತ್ರ ಮಾಸಿರಲಿಲ್ಲ.

ಕೆಂಪಿಗೆ ತೆತ್ತ ಬೆಲೆ

ಕೆಂಪು ಸೇಬಿನ ಕಥೆಯೂ ಮನನೀಯವಾದುದು. ಅಮೆರಿಕದ ಅಯೋವಾ ರಾಜ್ಯದ ಪೆರು ಎಂಬ ಗ್ರಾಮದಲ್ಲಿ ಜೆಸ್ಸಿ ಹಯಾಟ್ ಎಂಬ ರೈತನ ತೋಟದಲ್ಲಿ ಇದರ ಮೂಲವೃಕ್ಷ ತಾನಾಗಿ ಹುಟ್ಟಿತು. 1894ರಲ್ಲಿ ಸ್ಟಾರ್ಕ್ ಸೋದರರ ಸಸ್ಯಾಗಾರ ಅದರ ಹಕ್ಕನ್ನು ಕೊಂಡು ‘ಡಿಲಿಷಸ್’ ಎಂದು ಕರೆಯಿತು. ಆಗ ಆ ಹಣ್ಣು ಹಳದಿಯ ಮೇಲೆ ಕೆಂಪು ಗೆರೆಗಳುಳ್ಳದ್ದಾಗಿತ್ತು. 1916ರಲ್ಲಿ ಸ್ಯಾಮ್ಯುಯೆಲ್ ಸ್ಟೋಕ್ಸ್ ಅದರ ಸಸಿಗಳನ್ನು ಹಿಮಾಚಲದ ಕೋಟ್‌ಗಢಕ್ಕೆ ತಂದು ನೆಟ್ಟರು. ಮುಂದೆ ಸತ್ಯಾನಂದರೆಂದು ಹೆಸರಾಗಿ, ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆಯನ್ನೂ ಕಂಡ ಆ ಮಹನೀಯರು ಬಡ ಗುಡ್ಡಗಾಡಿನ ಜನರಿಗೆ ಒಂದು ಜೀವನೋಪಾಯವನ್ನೇ ಒದಗಿಸಿಕೊಟ್ಟರು.

ಆದರೆ ಕೊಳ್ಳುವವರ ಕಣ್ಣು ಕೆಂಪನ್ನೇ ಬಯಸಿತು. ಯಾವುದಾದರೊಂದು ಕೊಂಬೆಯ ಹಣ್ಣು ಹೆಚ್ಚು ಕೆಂಪಾದರೆ ಆ ಕೊಂಬೆಯಿಂದಲೇ ಹೊಸ ಕಸಿ ತೆಗೆದರು. ಅದಕ್ಕಿಂತಲೂ ಕೆಂಪಾದುದು ಕಂಡರೆ ಅದರಿಂದ ಮತ್ತೊಂದು. ಅಮೆರಿಕದಲ್ಲಿ ಹೀಗೆ ತಲೆಮಾರುಗಟ್ಟಲೆ ಬಣ್ಣವನ್ನೇ ಆರಿಸುತ್ತ ಹೋದಂತೆ ಸಿಪ್ಪೆ ದಪ್ಪವಾಯಿತು, ರುಚಿ ಸಪ್ಪೆಯಾಯಿತು. ಕಡೆಗೆ ಜನರು ಬೇಸತ್ತರು. ಅಲ್ಲಿ ದಶಕಗಳ ಕಾಲ ಮೊದಲ ಸ್ಥಾನದಲ್ಲಿದ್ದ ಈ ತಳಿಯನ್ನು 2018ರಲ್ಲಿ ಗಾಲಾ ಹಿಂದಿಕ್ಕಿತು.

ಅಂಬ್ರಿಯ ಅಳಲು

ನಮ್ಮ ದೇಶದಲ್ಲಿ ಇದಕ್ಕಿಂತ ಗಂಭೀರವಾದ ನಷ್ಟವೊಂದು ನಡೆಯುತ್ತಿದೆ. ಕಾಶ್ಮೀರಕ್ಕೆ ‘ಅಂಬ್ರಿ’ ಎಂಬ ತನ್ನದೇ ಆದ ಸೇಬುಂಟು. ಹಸಿರು ಹಳದಿ ಮೈಮೇಲೆ ಕೆಂಪು ಎರಚಿದಂತಹ ಸಾಧಾರಣ ರೂಪ. ಒಳಗೆ ಮಲ್ಲಿಗೆಯಂತಹ ಬಿಳಿಯ, ಗರಿಗರಿಯಾದ ಸಿಹಿ ತಿರುಳು. ಕೋಣೆಯನ್ನೇ ತುಂಬುವ ಪರಿಮಳ. ತಡವಾಗಿ ಮಾಗುವ ಈ ಹಣ್ಣು ಶೀತಲಗೃಹದ ಹಂಗಿಲ್ಲದೆ ಚಳಿಗಾಲವನ್ನೆಲ್ಲ ಕಳೆಯಬಲ್ಲದು. ಆದರೆ ಮರ ಫಲಕ್ಕೆ ಬರಲು ಹಲವು ವರ್ಷ ಕಾಯಬೇಕು. ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಬಿಡದು. ಬಣ್ಣವೂ ಪೂರ್ಣ ಕೆಂಪಲ್ಲ. ಸಂಸಾರ ನಡೆಸಬೇಕಾದ ರೈತ ಬೇಗ ಫಲ ಕೊಟ್ಟು ಬೇಗ ಮಾರಾಟವಾಗುವ ಕೆಂಪು ಡಿಲಿಷಸ್ಸಿನತ್ತ ಹೊರಳಿದರೆ ಅವನನ್ನು ದೂಷಿಸಲಾಗದು. ವಿಜ್ಞಾನಿಗಳು ಎರಡನ್ನೂ ಕೂಡಿಸಿ ‘ಲಾಲ್ ಅಂಬ್ರಿ’ಯನ್ನು ರೂಪಿಸಿದ್ದಾರೆ. ಆದರೂ ಮೂಲ ಅಂಬ್ರಿಯ ತೋಟಗಳು ವಿರಳವಾಗಿವೆ. ಬೆಟ್ಟದ ಮೇಲೆ ಯಾವ ಮರ ಉಳಿಯಬೇಕೆಂಬುದನ್ನು ದೂರದ ಪೇಟೆಯಲ್ಲಿ ನಿಂತ ನಮ್ಮ ಕಣ್ಣು ನಿರ್ಧರಿಸುತ್ತಿದೆಯೆಂಬುದು ಚಿಂತಿಸಬೇಕಾದ ಸಂಗತಿ.

ಆದುದರಿಂದ ಓದುಗ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಸೇಬನ್ನು ಹೆಸರು ಕೇಳಿ ಕೊಳ್ಳಿರಿ. ಕೆಂಪನ್ನು ಬಿಟ್ಟು, ಕೆಂಪಿಲ್ಲದ ಜಾಗದ ಮೂಲಬಣ್ಣವನ್ನು ನೋಡಿರಿ. ಕೆಂಪು ಸೇಬಿನಲ್ಲಿ ಅದು ಎಳೆಹಸಿರಿನಿಂದ ತಿಳಿಹಳದಿಗೆ ತಿರುಗುತ್ತಿದ್ದರೆ ಹಣ್ಣು ಹದಕ್ಕೆ ಬಂದಿದೆ. ಮೂಗಿನ ಬಳಿ ಹಿಡಿದು ನೋಡಿರಿ, ಕೈಯಲ್ಲಿ ತೂಗಿ ನೋಡಿರಿ. ಕಾರ್ತಿಕದ ಹೊತ್ತಿಗೆ ಎತ್ತರದ ಕಿನ್ನೌರ್ ಪ್ರದೇಶದ ಗಟ್ಟಿಯಾದ ಸಿಹಿ ಹಣ್ಣು ಬಂದಿದ್ದರೆ ಬಿಡಬೇಡಿರಿ. ಎಲ್ಲಿಯಾದರೂ ಅಂಬ್ರಿ ಕಂಡರೆ, ಅದರ ಬಣ್ಣ ಮಂಕೆಂದು ಮುಂದೆ ಸಾಗಬೇಡಿರಿ. ಮನೆಯಲ್ಲಿ ಹಿಟ್ಟಾದ ಹಣ್ಣಿದ್ದರೆ ಎಸೆಯದೆ ತುರಿದು ಶಿರಾ ಮಾಡಿರಿ.

ಮೊನ್ನೆ ಅಕ್ಕನ ಮನೆಗೆ ಹೋದಾಗ ಗೋಲ್ಡನ್ ಹಣ್ಣನ್ನು ತೆಳುವಾಗಿ ಹೆಚ್ಚಿ ಕೊಟ್ಟೆ. ಹಳದಿ ಬಣ್ಣವನ್ನು ಕಂಡು ಮೊದಲು ಸಂಶಯದಿಂದಲೇ ತಿಂದಳು. ಎರಡನೆಯ ಹೋಳಿಗೆ ತಾನೇ ಕೈ ಚಾಚಿ, ‘ಇದಕ್ಕೇನೆನ್ನುತ್ತಾರೆ ತಮ್ಮಾ?’ ಎಂದು ಹೆಸರು ಕೇಳಿದಳು.