ಬೈಗುಳವು ದೋಷವೇ?

ಬೈಗುಳದ ದೋಷವು ಶಬ್ದದಲ್ಲಿದೆಯೋ, ಅದನ್ನು ಪ್ರಯೋಗಿಸುವ ಬಗೆಯಲ್ಲಿದೆಯೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಕೊಡಗಿನ ದೇವರಪುರದಲ್ಲಿ ವರ್ಷಂಪ್ರತಿ ಮೇ ತಿಂಗಳಲ್ಲಿ ಕುಂಡೆ ಹಬ್ಬವು ಜರುಗುತ್ತದೆ. ಜೇನುಕುರುಬರೇ ಮೊದಲಾದ ಗಿರಿಜನರು ವಿಚಿತ್ರ ವೇಷಗಳನ್ನು ಧರಿಸಿ, ತಮ್ಮನ್ನು ತೊರೆದು ಹೋದನೆಂದು ದೇವರನ್ನೇ ಬಾಯಿತುಂಬ ಬೈಯುತ್ತಾರೆ. ಎದುರಾದ ದಾರಿಗರಿಗೂ ಅದರಲ್ಲಿ ಪಾಲುಂಟು; ಅವರು ಅದನ್ನು ಹಬ್ಬದ ಪದ್ಧತಿಯೆಂದೆಣಿಸಿ ಕಾಸು ಕೊಡುತ್ತಾರೆ. ವರ್ಷವಿಡೀ ಪರರ ತೋಟದಲ್ಲಿ ದುಡಿಯುವವರಿಗೆ ಅದು ಒಂದು ದಿನದ ಸಲಿಗೆ.

ಆದುದರಿಂದ ಶಬ್ದವೊಂದೇ ಅಪರಾಧಿಯಲ್ಲ. ಆದರೆ ಬಲ್ಲಿದನು ಬಡವನನ್ನು ಜಾತಿಯ ಹೆಸರು ಹಿಡಿದು ಬೈದರೆ ಅದು ಸಲಿಗೆಯಲ್ಲ, ತುಳಿತ. ಪರಿಶಿಷ್ಟರ ಮೇಲಿನ ದೌರ್ಜನ್ಯವನ್ನು ತಡೆಯುವ 1989ರ ಕಾಯಿದೆಗೆ 2015ರಲ್ಲಿ ಬಂದ ತಿದ್ದುಪಡಿಯು, ಸಾರ್ವಜನಿಕರ ಎದುರಿಗೆ ಹೀಗೆ ಬೈಯುವುದನ್ನು ಸ್ಪಷ್ಟವಾಗಿ ಅಪರಾಧಗಳ ಸಾಲಿಗೆ ಸೇರಿಸಿತು.

ಸೋದರಿಯರೇ, ಯಲಹಂಕದ ಬೀದಿಯಲ್ಲಿ ಇಬ್ಬರು ಗಂಡಸರು ಜಗಳವಾಡಿದರೆ ಬೈಗುಳವು ಬೀಳುವುದು ಯಾರ ಮೇಲೆ? ಅಲ್ಲಿಲ್ಲದ ತಾಯಿಯ ಮೇಲೆ, ಅಕ್ಕತಂಗಿಯರ ಮೇಲೆ. ತಂಟೆಗೆ ಬಾರದವಳ ಮಾನವನ್ನು ಕಲ್ಲಿನಂತೆ ಎತ್ತಿ ಎಸೆಯುವುದೇ ನಿಜವಾದ ದೋಷ. ‘ಕೆಟ್ಟ ಮಾತು, ಆಡಬೇಡ’ ಎಂದು ಮಕ್ಕಳನ್ನು ಗದರಿಸುವ ಹೆತ್ತವರು, ಆ ಮಾತು ಯಾರಿಗೆ ತಗಲುತ್ತದೆಂಬುದನ್ನೂ ಅವರಿಗೆ ತಿಳಿಯಹೇಳತಕ್ಕದ್ದು.